ಲೆಕ್ಕದ ಜೊತೆ ಹೆಸರೂ ಇರಲಿ

ಮಗೂ, ಮಾರಿಕುಪ್ಪಂ ರೈಲು ಹತ್ತಿ ದಿನಾ ಬೆಂಗಳೂರಿಗೆ ಹೋಗಿಬರುವ ನಿನಗೆ ಲಿನಕ್ಸ್ ಕರ್ನಲ್‌ನ ನೆಟ್‌ವರ್ಕ್ ಭಾಗದಲ್ಲಿ ರೆಫರೆನ್ಸ್ ಕೌಂಟ್‌ಗಳನ್ನು ಚೊಕ್ಕ ಮಾಡುವ ಕೆಲಸ ಸಿಕ್ಕಿದೆ ಎಂದು ಕೇಳಿ ಸಂತೋಷವಾಯಿತು. ಶುರು ಮಾಡುವ ಮುಂಚೆ ಒಂದು ಮಾತು.

ನಮ್ಮೂರ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಗಣಿಯ ಕೆಳಗೆ ಈ ಹೊತ್ತಿನಲ್ಲಿ ಯಾರ್ಯಾರಿದ್ದಾರೆ ಎಂದು ಕೇಳಿದರೆ ಹೆಸರು ಹಿಡಿದು ಹೇಳುವ ಪುಸ್ತಕ ಇರಲೇಬೇಕು ಎನ್ನುತ್ತಿತ್ತು 1952ರ ಗಣಿ ಕಾಯ್ದೆ. ಇಷ್ಟು ಮಂದಿ ಎಂದರೆ ಸಾಲುತ್ತಿರಲಿಲ್ಲ.

ಲಿನಕ್ಸ್‌ನಲ್ಲಿ ಬಹಳ ಕಾಲ ಬರೀ ಸಂಖ್ಯೆಯೇ ಇತ್ತು. ನೆಟ್‌ವರ್ಕ್ ಡಿವೈಸನ್ನು ಬಳಸುವವರು ‘ಡೆವ್ ಹೋಲ್ಡ್’ ಕರೆದರೆ ಅದರ ರೆಫರೆನ್ಸ್ ಕೌಂಟ್ ಒಂದು ಏರುತ್ತದೆ, ‘ಡೆವ್ ಪುಟ್’ ಕರೆದರೆ ಒಂದು ಇಳಿಯುತ್ತದೆ. ಯಾರೋ ಇಳಿಸಲು ಮರೆತರೆ ಆ ಡಿವೈಸ್ ತೆಗೆಯುವ ಕೆಲಸ ಮುಗಿಯುವುದೇ ಇಲ್ಲ. ಇನ್ನೂ ಬಳಕೆಯಲ್ಲಿದೆ, ಕಾಯುತ್ತಿದ್ದೇನೆ ಎಂದು ಕರ್ನಲ್ ಲಾಗಿನಲ್ಲಿ ಮತ್ತೆ ಮತ್ತೆ ಬರೆಯುತ್ತದೆ. ಮರೆತವರು ಯಾರೆಂದು ಮಾತ್ರ ಹೇಳದು. ಎರಿಕ್ ಡುಮಾಜೆ ಬರೆದ ರೆಫ್ ಟ್ರ್ಯಾಕರ್ 2022ರಲ್ಲಿ 5.17ನೇ ಆವೃತ್ತಿಗೆ ಸೇರಿದ ಮೇಲೆ, ಅದನ್ನು ಆನ್ ಮಾಡಿದರೆ, ಹಿಡಿದದ್ದು ಯಾವ ಕೋಡ್ ಎಂಬುದೂ ದಾಖಲಾಗುತ್ತದೆ. ಹಳೆಯ ಕರೆ ಕಂಡಲ್ಲಿ ಟ್ರ್ಯಾಕರ್ ಇರುವ ‘ನೆಟ್‌ಡೆವ್ ಹೋಲ್ಡ್’, ‘ನೆಟ್‌ಡೆವ್ ಪುಟ್’ ಜೋಡಿಗೆ ಬದಲಿಸು.

ಇಳಿಸಲು ಮರೆಯುವುದಕ್ಕಿಂತ ಬೇಗ ಇಳಿಸುವುದು ಅಪಾಯ. ಒಬ್ಬರು ಇನ್ನೂ ಬಳಸುತ್ತಿರುವಾಗಲೇ ಮೆಮೊರಿ ಬಿಡುಗಡೆಯಾಗಿ ಬೇರೆಯವರ ಪಾಲಾಗುತ್ತದೆ. ದಾಳಿಕೋರರು ನುಗ್ಗುವುದು ಇಂಥ ಕಡೆಯೇ. 2017ರಲ್ಲಿ ಬಂದ ‘ರೆಫ್‌ಕೌಂಟ್ ಟಿ’ ಎಣಿಕೆ ಮಿತಿ ಮೀರಿ ಸೊನ್ನೆಗೆ ತಿರುಗದಂತೆ ತಡೆಯುತ್ತದೆ, ಸೊನ್ನೆಯಿಂದ ಏರಿಸಿದರೆ ಎಚ್ಚರಿಸುತ್ತದೆ. ತಪ್ಪು ಜಾಗದಲ್ಲಿಟ್ಟ ‘ಪುಟ್’ ಅನ್ನು ಸರಿಯಾದ ಜಾಗಕ್ಕೆ ತರುವುದು ಮಾತ್ರ ನಿನ್ನದೇ ಕೆಲಸ.

ಆದ್ದರಿಂದ ಹೆಚ್ಚುವರಿ ಎನಿಸಿದ ‘ಹೋಲ್ಡ್’ ಒಂದನ್ನು ಕಂಡ ಕೂಡಲೇ ಅಳಿಸಬೇಡ. ಅದು ಟೈಮರ್‌ಗಾಗಿ ಇರಬಹುದು, ಆಮೇಲೆ ಓಡಲಿರುವ ವರ್ಕ್ ಕ್ಯೂಗಾಗಿ ಇರಬಹುದು. ಫಂಕ್ಷನ್ ಸರಿಯಾಗಿ ಮುಗಿಯುವ ದಾರಿಯನ್ನು ಎಲ್ಲರೂ ನೋಡಿರುತ್ತಾರೆ. ನೀನು ಎರರ್ ಬಂದು ನಡುವೆಯೇ ಹೊರಬೀಳುವ ಒಂದೊಂದು ದಾರಿಯನ್ನೂ ಬೆರಳಿಟ್ಟು ಓದು. ತಪ್ಪು ಮೆಮೊರಿ ಬಳಕೆಯನ್ನು ಹಿಡಿಯುವ ಕೆಎಸಾನ್ ಹಾಕಿಕೊಂಡು ಡಿವೈಸನ್ನು ಸೇರಿಸಿ, ತೆಗೆದು, ಪರೀಕ್ಷಿಸು.

ಒಂದು ಪ್ಯಾಚಿನಲ್ಲಿ ಒಂದೇ ತಿದ್ದುಪಡಿ ಇರಲಿ. ಈ ಹಿಡಿತ ಯಾರದು, ಅದನ್ನು ಬಿಡುವವರು ಯಾರು ಎಂದು ಅದರ ವಿವರಣೆಯಲ್ಲಿ ಬರೆ. ಅಷ್ಟು ಬರೆಯಲು ಬರಲಿಲ್ಲವೆಂದರೆ ಪ್ಯಾಚ್ ಕಳಿಸಬೇಡ, ಕೋಡನ್ನು ಇನ್ನೊಮ್ಮೆ ಓದು.