ರದ್ದಿ ಪೇಪರಿನಿಂದ ಕೈಕೆಲಸ: ಹೊಸದಾಗಿ ಕಲಿಯುವವರಿಗೆ ಮೊದಲ ಪಾಠ



"ಸಿಸ್ಟರ್, ಮನೆಯಲ್ಲೇ ಕೂತು ಮಾಡುವಂಥ ಏನಾದ್ರೂ ಕೆಲಸ ಕಲಿಸಿ." ಸ್ವಸಹಾಯ ಸಂಘಗಳ ಸಭೆಗೆ ಹೋದಾಗಲೆಲ್ಲ ನಾವು ಕೇಳುವ ಮಾತು ಇದು. ಹೊಲಿಗೆ ಕಲಿಯಲು ಮೆಷಿನ್ ಬೇಕು. ಬೇಕರಿ ತಿಂಡಿಗೆ ಒಲೆ, ಬಂಡವಾಳ, ಲೈಸೆನ್ಸ್ ಬೇಕು. ರದ್ದಿ ಪೇಪರಿನ ಕೆಲಸಕ್ಕೆ ಬೇಕಾದದ್ದು ಕತ್ತರಿ, ಸ್ಕೇಲು, ಒಂದು ಹಿಡಿ ಮೈದಾ ಮತ್ತು ಎರಡು ಕೈ. ಆದ್ದರಿಂದ ಹೊಸದಾಗಿ ಕಲಿಯುವವರಿಗೆ ನಾವು ಇದನ್ನೇ ಮೊದಲ ಪಾಠವಾಗಿ ಇಟ್ಟುಕೊಂಡಿದ್ದೇವೆ.

ಆದರೆ ಒಂದು ಮಾತು. ಕೈಕೆಲಸ ಅಂದರೆ ಬರೀ ಚೆಂದ ಮಾಡಿ ಗೋಡೆಗೆ ತೂಗುಹಾಕುವುದಲ್ಲ. ಮಾಡಿದ ವಸ್ತು ಯಾರ ಕೈಗೆ ಹೋಗುತ್ತದೆ, ಅವರಿಗೆ ಅದರಿಂದ ಒಳ್ಳೆಯದಾಗುತ್ತದೆಯೇ, ನಮ್ಮ ಒಂದು ಗಂಟೆಯ ಶ್ರಮಕ್ಕೆ ಎಷ್ಟು ಸಿಕ್ಕಿತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಗೊತ್ತಿರಬೇಕು. ಈ ಪಾಠದಲ್ಲಿ ಮೂರು ವಸ್ತುಗಳನ್ನು ಮಾಡಲು ಕಲಿಯೋಣ, ಜೊತೆಗೆ ಈ ಮೂರು ಪ್ರಶ್ನೆಗಳನ್ನೂ ಕೇಳಿಕೊಳ್ಳೋಣ.

ಪೇಪರ್ ಕವರಿಗೆ ಬೇಡಿಕೆ ಏಕೆ?

2016ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಬ್ಯಾನರ್ ಮುಂತಾದವುಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ಇಡೀ ದೇಶದಲ್ಲೇ ನಿಷೇಧ ಬಂತು. ಪ್ಲಾಸ್ಟಿಕ್ ಪೂರ್ತಿ ನಿಂತಿಲ್ಲ, ಅದು ನಮಗೆಲ್ಲ ಗೊತ್ತು. ಆದರೂ ದಂಡದ ಹೆದರಿಕೆಯಿಂದಲೋ, ಗಿರಾಕಿಗಳು ಕೇಳುತ್ತಾರೆಂದೋ, ಕಾಗದದ ಕವರ್ ಬೇಕು ಅನ್ನುವ ಅಂಗಡಿಗಳು ಊರೂರಿನಲ್ಲೂ ಇವೆ. ಅವರನ್ನು ಹುಡುಕಿಕೊಂಡು ಹೋಗಬೇಕಾದವರು ನಾವು.

ಮೊದಲು ಅಂಟು

ಅಂಗಡಿಯ ಗೋಂದು ದುಬಾರಿ. ಮನೆಯಲ್ಲೇ ಅಂಟು ಮಾಡಿಕೊಳ್ಳಿ. ಒಂದು ಲೋಟ ಮೈದಾ ಹಿಟ್ಟನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ. ಮೂರು ಲೋಟ ನೀರನ್ನು ಕುದಿಸಿ, ಉರಿ ಸಣ್ಣ ಮಾಡಿ, ಕಲಸಿದ ಹಿಟ್ಟನ್ನು ನಿಧಾನವಾಗಿ ಸುರಿಯುತ್ತಾ ಕೈಬಿಡದೆ ತಿರುವಿ. ಗಂಜಿಯ ಹಾಗೆ ಗಟ್ಟಿಯಾಗಿ ಸ್ವಲ್ಪ ಹೊಳಪು ಬಂದಾಗ ಇಳಿಸಿ. ತಣ್ಣಗಾದ ಮೇಲೆ ಬಳಸಿ.

ಪುಸ್ತಕ ಬೈಂಡ್ ಮಾಡುವವರು ಹುಳ ಬೀಳದಿರಲೆಂದು ಇದಕ್ಕೆ ಚಿಟಿಕೆ ಮೈಲುತುತ್ತ ಹಾಕುವುದುಂಟು. ಅದು ವಿಷ. ಮಕ್ಕಳು ಓಡಾಡುವ ಮನೆಯಲ್ಲಿ ಅದು ಬೇಡವೇ ಬೇಡ. ಆ ದಿನಕ್ಕೆ ಎಷ್ಟು ಬೇಕೋ ಅಷ್ಟೇ ಅಂಟು ಮಾಡಿಕೊಂಡರೆ ಹುಳದ ಚಿಂತೆಯೂ ಇಲ್ಲ, ವಿಷದ ಚಿಂತೆಯೂ ಇಲ್ಲ. ಅಂಟನ್ನು ತೆಳುವಾಗಿ ಹಚ್ಚಿ. ಜಾಸ್ತಿ ಹಚ್ಚಿದರೆ ಪೇಪರ್ ನೆನೆದು ಸುಕ್ಕಾಗುತ್ತದೆ, ಒಣಗಲು ತಡವಾಗುತ್ತದೆ.

ಒಂದನೇ ವಸ್ತು: ಚಿಕ್ಕ ಕವರ್

ದಿನಪತ್ರಿಕೆಯ ಇಡೀ ಹಾಳೆ ಬಿಡಿಸಿದರೆ ಸುಮಾರು 66 ಸೆಂ.ಮೀ. ಅಗಲ, 54 ಸೆಂ.ಮೀ. ಎತ್ತರ ಇರುತ್ತದೆ. ಪತ್ರಿಕೆಯಿಂದ ಪತ್ರಿಕೆಗೆ ಸ್ವಲ್ಪ ವ್ಯತ್ಯಾಸ ಇರುವುದರಿಂದ ಮೊದಲು ಅಳೆದುಕೊಳ್ಳಿ. ಒಂದು ಇಡೀ ಹಾಳೆಯಲ್ಲಿ 8 ಚಿಕ್ಕ ಕವರ್ ಬರುತ್ತವೆ.

1. ಇಡೀ ಹಾಳೆಯನ್ನು ನಡುವಿನ ಮಡಿಕೆಯಲ್ಲಿ ಕತ್ತರಿಸಿ ಎರಡು ಮಾಡಿ. ಒಂದೊಂದನ್ನೂ ನಾಲ್ಕು ತುಂಡು ಮಾಡಿ. ಪ್ರತಿ ತುಂಡು ಸುಮಾರು 27 ಸೆಂ.ಮೀ. ಉದ್ದ, 16 ಸೆಂ.ಮೀ. ಅಗಲ ಇರುತ್ತದೆ.
2. ತುಂಡನ್ನು ಅಡ್ಡಲಾಗಿ ಇಡಿ. ಎಡ, ಬಲ ಅಂಚುಗಳನ್ನು ನಡುವಿಗೆ ಮಡಚಿ. ಒಂದರ ಮೇಲೊಂದು 2 ಸೆಂ.ಮೀ. ಬರಲಿ. ಅಲ್ಲಿ ಅಂಟು ಹಚ್ಚಿ ಒತ್ತಿ.
3. ಕೆಳ ಅಂಚನ್ನು 2 ಸೆಂ.ಮೀ. ಮೇಲಕ್ಕೆ ಮಡಚಿ ಅಂಟಿಸಿ.
4. ಪ್ರತಿ ಮಡಿಕೆಯ ಮೇಲೂ ಚಮಚದ ಹಿಂಭಾಗದಿಂದ ಒಮ್ಮೆ ಉಜ್ಜಿ. ನೆರಳಿನಲ್ಲಿ ಒಣಗಿಸಿ, ಮೇಲೆ ಭಾರ ಇಡಿ.

ಕಲಿಯುವಾಗ ಒಬ್ಬರೇ ಎಲ್ಲ ಮಾಡುವುದಕ್ಕಿಂತ ನಾಲ್ಕು ಜನ ಸಾಲಾಗಿ ಕೂತು ಒಬ್ಬರು ಕತ್ತರಿಸುವುದು, ಒಬ್ಬರು ಮಡಚುವುದು, ಒಬ್ಬರು ಅಂಟಿಸುವುದು, ಒಬ್ಬರು ಎಣಿಸಿ ಕಟ್ಟು ಕಟ್ಟುವುದು ಮಾಡಿದರೆ ಕೈ ಬೇಗ ಪಳಗುತ್ತದೆ. ಎಲ್ಲ ಕವರೂ ಒಂದೇ ಅಳತೆ ಇರಲಿ. ಒಂದು ದೊಡ್ಡದು, ಒಂದು ಚಿಕ್ಕದು ಆದರೆ ಅಂಗಡಿಯವರು ಎರಡನೇ ಸಲ ತಗೊಳ್ಳಲ್ಲ.

ಎರಡನೇ ವಸ್ತು: ಹಿಡಿ ಇರುವ ಕೈಚೀಲ

ಇದಕ್ಕೆ ಒಂದು ಅಚ್ಚು ಬೇಕು. ಶಾಲೆಯ ಹಳೇ ಪಠ್ಯಪುಸ್ತಕಗಳನ್ನು ಒಂದರ ಮೇಲೊಂದು ಜೋಡಿಸಿ 8 ಸೆಂ.ಮೀ. ದಪ್ಪದ ಕಟ್ಟು ಮಾಡಿಕೊಳ್ಳಿ. ಕಟ್ಟಿನ ಅಗಲ ಸುಮಾರು 18 ಸೆಂ.ಮೀ. ಇರಲಿ. ಇದೇ ನಮ್ಮ ಅಚ್ಚು.

1. ಇಡೀ ಹಾಳೆಯನ್ನು ನಡುವಿನಲ್ಲಿ ಮಡಚಿ ಎರಡು ಪದರ ಮಾಡಿ. ಪದರಗಳ ನಡುವೆ ಅಲ್ಲಲ್ಲಿ ಅಂಟು ಹಚ್ಚಿ. ಮಡಚಿದ ಅಂಚು ಮೇಲೆ ಬರುವಂತೆ ಅಡ್ಡಲಾಗಿ ಇಡಿ. ಈಗ ಅಗಲ 54, ಎತ್ತರ 33 ಸೆಂ.ಮೀ.
2. ಮೇಲಿನ ಅಂಚನ್ನು 4 ಸೆಂ.ಮೀ. ಒಳಕ್ಕೆ ಮಡಚಿ. ಈಗಲೇ ಅಂಟಿಸಬೇಡಿ.
3. ಪುಸ್ತಕದ ಕಟ್ಟಿಗೆ ಪೇಪರ್ ಸುತ್ತಿ. ಕೆಳಗಡೆ 6 ಸೆಂ.ಮೀ. ಹೊರಗೆ ಉಳಿಯಲಿ. ಅಂಚು ಸೇರುವಲ್ಲಿ 2 ಸೆಂ.ಮೀ. ಮೇಲೆ ಬರುವಂತೆ ಅಂಟಿಸಿ.
4. ಹೊರಗುಳಿದ ಪೇಪರನ್ನು ಉಡುಗೊರೆ ಪೊಟ್ಟಣ ಕಟ್ಟುವ ಹಾಗೆಯೇ ಮಡಚಿ. ಮೊದಲು ಕಿರಿದಾದ ಎರಡು ಬದಿ, ಆಮೇಲೆ ಅಗಲವಾದ ಎರಡು ಬದಿ. ಅಂಟಿಸಿ ಒತ್ತಿ.
5. ಅಂಟು ಹಿಡಿದ ಮೇಲೆ ಪುಸ್ತಕ ಹೊರಗೆ ತೆಗೆಯಿರಿ. ಹಳೇ ಡಬ್ಬಿಯ ರಟ್ಟನ್ನು ತಳದ ಅಳತೆಗಿಂತ ಚೂರು ಚಿಕ್ಕದಾಗಿ ಕತ್ತರಿಸಿ ಒಳಗೆ ತಳಕ್ಕೆ ಅಂಟಿಸಿ.
6. ಬಾಯಿಯ ಮಡಿಕೆಯೊಳಗೆ ಮುಂದೊಂದು, ಹಿಂದೊಂದು 17 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲದ ರಟ್ಟಿನ ಪಟ್ಟಿ ಇಟ್ಟು ಮಡಿಕೆಯನ್ನು ಅಂಟಿಸಿ. ಒಣಗಿದ ಮೇಲೆ ಪಟ್ಟಿ ಇರುವಲ್ಲಿ ಎರಡೆರಡು ತೂತು ಹಾಕಿ, 35 ಸೆಂ.ಮೀ. ಸೆಣಬಿನ ಹುರಿ ಪೋಣಿಸಿ ಒಳಗಡೆ ಗಂಟು ಹಾಕಿ.

ಮಾರುವ ಮುಂಚೆ ಪರೀಕ್ಷೆ ಮಾಡಿ. ಒಂದು ಕಿಲೋ ತೂಕದ ಪ್ಯಾಕೆಟ್ ಇಟ್ಟು ಚೀಲವನ್ನು ಮೊಳೆಗೆ ಹತ್ತು ನಿಮಿಷ ನೇತುಹಾಕಿ. ಹುರಿ ಜಾರದೆ, ತಳ ಬಿಡದೆ ನಿಂತರೆ ಅದು ಮಾರಾಟಕ್ಕೆ ಯೋಗ್ಯ. ಮಳೆಗೆ ಈ ಚೀಲ ಆಗದು ಎನ್ನುವುದನ್ನೂ ಅಂಗಡಿಯವರಿಗೆ ಮೊದಲೇ ಹೇಳಿಬಿಡಿ.

ಮೂರನೇ ವಸ್ತು: ಮೆಂತ್ಯ ಹಾಕಿದ ಕಾಗದದ ಬುಟ್ಟಿ

ಇದು ಹೊಸ ವಿದ್ಯೆಯಲ್ಲ. ನಮ್ಮ ಅಜ್ಜಿಯರ ಕಾಲದಲ್ಲಿ ಹಳೇ ಕಾಗದ ನೆನೆಸಿ, ಮೆಂತ್ಯದ ಜೊತೆ ಕುಟ್ಟಿ, ಬುಟ್ಟಿ ಮಾಡುವ ಪದ್ಧತಿ ನಮ್ಮ ಎಷ್ಟೋ ಮನೆಗಳಲ್ಲಿತ್ತು. ನೆನೆದ ಮೆಂತ್ಯಕ್ಕೆ ಒಳ್ಳೆಯ ಅಂಟುಗುಣ ಇದೆ.

ಸುಮಾರು 200 ಗ್ರಾಂ, ಅಂದರೆ ಹನ್ನೆರಡು ಇಡೀ ಹಾಳೆಗಳನ್ನು ಚೂರು ಮಾಡಿ ಎರಡು ಮೂರು ದಿನ ನೆನೆಸಿ. ದಿನವೂ ನೀರು ಬದಲಿಸಿ. ಎರಡು ಹಿಡಿ ಮೆಂತ್ಯವನ್ನು ರಾತ್ರಿ ನೆನೆಸಿ ಬೆಳಿಗ್ಗೆ ನುಣ್ಣಗೆ ರುಬ್ಬಿ. ಪೇಪರನ್ನು ಹಿಂಡಿ, ಒರಳಿನಲ್ಲಿ ಕುಟ್ಟಿ, ಮೆಂತ್ಯ ಸೇರಿಸಿ ರೊಟ್ಟಿ ಹಿಟ್ಟಿನ ಹದಕ್ಕೆ ನಾದಿ. ಒಂದು ಸ್ಟೀಲ್ ಬಟ್ಟಲನ್ನು ಬೋರಲು ಹಾಕಿ, ಮೇಲೆ ತೆಳು ಬಟ್ಟೆ ಹೊದಿಸಿ, ಹಿಟ್ಟನ್ನು ಅರ್ಧ ಬೆರಳು ದಪ್ಪ ತಟ್ಟುತ್ತಾ ಬನ್ನಿ. ಒಂದು ದಿನ ನೆರಳಿನಲ್ಲಿ, ಮೂರು ನಾಲ್ಕು ದಿನ ಬಿಸಿಲಿನಲ್ಲಿ ಒಣಗಿಸಿ ಬಟ್ಟಲಿನಿಂದ ಬಿಡಿಸಿ. ಬಿರುಕು ಬಿಟ್ಟಲ್ಲಿ ಉಳಿದ ಹಿಟ್ಟು ತುಂಬಿ. ಮೇಲೆ ಬಿಳಿ ಕಾಗದದ ಚೂರು ಅಂಟಿಸಿ ಬಣ್ಣ ಹಚ್ಚಬಹುದು. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ, ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ. ದೀಪಾವಳಿ ಕಳೆದ ಮೇಲೆ ಶುರುಮಾಡಿ.

ಒಂದು ಮುಖ್ಯವಾದ ಎಚ್ಚರಿಕೆ

ಪೇಪರ್ ಕವರ್ ಮಾಡುತ್ತೇವೆ ಎಂದು ಗೊತ್ತಾದ ಕೂಡಲೇ ಮೊದಲು ಬರುವ ಆರ್ಡರ್ ಹೆಚ್ಚಾಗಿ ಬಜ್ಜಿ, ಬೋಂಡಾ ಅಂಗಡಿಯದ್ದು. ದಿನಕ್ಕೆ ಇನ್ನೂರು ಮುನ್ನೂರು ಕವರ್ ಬೇಕು ಅನ್ನುತ್ತಾರೆ. ಖಾಯಂ ಗಿರಾಕಿ. ಏನು ಮಾಡೋಣ?

ಪತ್ರಿಕೆಯ ಕವರಾದರೆ ಬೇಡ ಎಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ. ಪತ್ರಿಕೆಯ ಮುದ್ರಣದ ಶಾಯಿಯಲ್ಲಿ ಸೀಸದಂಥ ಲೋಹಗಳು, ರಾಸಾಯನಿಕ ಬಣ್ಣಗಳು ಇರಬಹುದು. ಬಿಸಿಯಾದ, ಎಣ್ಣೆ ಪಸೆಯಿರುವ ತಿಂಡಿಗೆ ಅವು ಬೇಗ ಹತ್ತಿಕೊಳ್ಳುತ್ತವೆ. ಹತ್ತು ಕೈ ದಾಟಿ, ಮೂಲೆಯಲ್ಲಿ ಬಿದ್ದು ಬಂದ ರದ್ದಿಯಲ್ಲಿ ರೋಗಾಣುಗಳೂ ಇರುತ್ತವೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಪತ್ರಿಕೆಯಲ್ಲಿ ಆಹಾರ ಕಟ್ಟಿಕೊಡಬಾರದೆಂದು 2016ರಲ್ಲೇ ಎಚ್ಚರಿಸಿತು. 2018ರ ಪ್ಯಾಕೇಜಿಂಗ್ ನಿಯಮಗಳು ಇದನ್ನು ನಿಷೇಧಿಸಿವೆ. 2023ರಲ್ಲಿ ಮತ್ತೊಮ್ಮೆ ಎಚ್ಚರಿಕೆ ಕೊಡಲಾಯಿತು.

ಆ ಬಜ್ಜಿ ತಿನ್ನುವವರು ಯಾರು? ಕೂಲಿ ಮುಗಿಸಿ ಬರುವ ನಮ್ಮವರು, ಶಾಲೆ ಬಿಟ್ಟ ನಮ್ಮ ಮಕ್ಕಳು. ನಮ್ಮ ಸಂಪಾದನೆ ಅವರ ಹೊಟ್ಟೆಗೆ ವಿಷವಾಗಬಾರದು. ತಿಂಡಿ ಅಂಗಡಿಯವರಿಗೆ ಬಾಳೆ ಎಲೆ, ಮುತ್ತುಗದ ಎಲೆಯ ದೊನ್ನೆ ಕೊಡಬಹುದೇ ಎಂದು ಬೇರೆಯಾಗಿ ಯೋಚಿಸಿ.

ಹಾಗಾದರೆ ಚಿಕ್ಕ ಕವರ್ ಯಾರಿಗೆ? ಬಳೆ, ರಿಬ್ಬನ್, ಗುಂಡಿ ಮಾರುವ ಫ್ಯಾನ್ಸಿ ಸ್ಟೋರ್, ಮೊಳೆ, ಸ್ಕ್ರೂ ಮಾರುವ ಹಾರ್ಡ್‌ವೇರ್ ಅಂಗಡಿ, ಪೆನ್ನು ಪೆನ್ಸಿಲ್ ಅಂಗಡಿ. ಮೆಡಿಕಲ್ ಶಾಪಿನಲ್ಲಿ ಪಟ್ಟಿಯಲ್ಲಿರುವ ಮಾತ್ರೆಗೆ ಸರಿ, ಬಿಡಿ ಮಾತ್ರೆಗೆ ಸಲ್ಲದು. ಕೈಚೀಲ ಬಟ್ಟೆ ಅಂಗಡಿಗೆ, ಪುಸ್ತಕದಂಗಡಿಗೆ ಆಗುತ್ತದೆ. ಬುಟ್ಟಿಯಲ್ಲಿ ನೂಲು, ಬಳೆ, ಬೀಗದಕೈ ಇಟ್ಟುಕೊಳ್ಳಬಹುದು. ಪತ್ರಿಕೆಯಿಂದ ಮಾಡಿದ ಬುಟ್ಟಿಯಲ್ಲಿ ಅಕ್ಕಿ, ಬೇಳೆ, ಹಣ್ಣು ಬೇಡ.

ಲೆಕ್ಕ ಬರೆದು ನೋಡಿ

"ರದ್ದಿ ಪುಕ್ಕಟೆ, ಬಂದದ್ದೆಲ್ಲ ಲಾಭ" ಎಂದು ಕೆಲವರು ಹೇಳುತ್ತಾರೆ. ನಮ್ಮ ಸಮಯ ಪುಕ್ಕಟೆಯೇ? ಕೆಳಗಿನ ಲೆಕ್ಕ ಬರೀ ಉದಾಹರಣೆ. ನಿಮ್ಮ ಊರಿನ ದರ ಹಾಕಿ ನೀವೇ ಮಾಡಿ ನೋಡಿ. ಒಂದು ಕಿಲೋ ರದ್ದಿಯಲ್ಲಿ ಸುಮಾರು 60 ಇಡೀ ಹಾಳೆ ಇರುತ್ತವೆ. ಹರಿದದ್ದು ಬಿಟ್ಟರೆ ಚಿಕ್ಕ ಕವರ್ 450 ಆಗಬಹುದು, ಅಥವಾ ಕೈಚೀಲ 55.

ಚಿಕ್ಕ ಕವರ್: ರದ್ದಿ 20 ರೂ., ಮೈದಾ ಮತ್ತು ಗ್ಯಾಸ್ 15 ರೂ., ಒಟ್ಟು ಖರ್ಚು 35 ರೂ. ನೂರಕ್ಕೆ 30 ರೂ.ನಂತೆ ಮಾರಿದರೆ 135 ರೂ. ಉಳಿದದ್ದು 100 ರೂ. ಗಂಟೆಗೆ 60 ಕವರಿನಂತೆ ಏಳೂವರೆ ಗಂಟೆ ಕೆಲಸ. ಗಂಟೆಗೆ ಸಿಕ್ಕಿದ್ದು ಸುಮಾರು 13 ರೂ.

ಕೈಚೀಲ: ರದ್ದಿ 20 ರೂ., ಹುರಿ 80 ರೂ., ರಟ್ಟು 30 ರೂ., ಅಂಟು 20 ರೂ., ಒಟ್ಟು ಖರ್ಚು 150 ರೂ. ಒಂದಕ್ಕೆ 10 ರೂ.ನಂತೆ ಮಾರಿದರೆ 550 ರೂ. ಉಳಿದದ್ದು 400 ರೂ. ಗಂಟೆಗೆ ಆರು ಚೀಲದಂತೆ ಸುಮಾರು 9 ಗಂಟೆ ಕೆಲಸ. ಗಂಟೆಗೆ ಸಿಕ್ಕಿದ್ದು ಸುಮಾರು 44 ರೂ.

ನೋಡಿದಿರಾ? ಎರಡಕ್ಕೂ ರದ್ದಿ ಒಂದೇ ಕಿಲೋ. ಚಿಕ್ಕ ಕವರು ಕೈ ಪಳಗಿಸಲು ಒಳ್ಳೆಯದು, ಆದರೆ ಅದನ್ನೇ ನಂಬಿ ದಿನವಿಡೀ ಕೂತರೆ ಸೊಂಟ ನೋವಷ್ಟೇ ಉಳಿಯುತ್ತದೆ. ಕೈಚೀಲದಲ್ಲಿ ಸಿಗುವುದು ಹೆಚ್ಚು, ಆದರೆ 55 ಚೀಲಕ್ಕೂ ಗಿರಾಕಿ ಇದ್ದರೆ ಮಾತ್ರ. ಆದ್ದರಿಂದ ಮೊದಲು ಐದು ಮಾದರಿ ಮಾಡಿ, ಐದು ಅಂಗಡಿಗೆ ತೋರಿಸಿ, ಆರ್ಡರ್ ಸಿಕ್ಕ ಮೇಲೆ ಹೆಚ್ಚು ಮಾಡಿ. ಈ ಕೆಲಸಕ್ಕೆಂದು ಸಾಲ ಎತ್ತುವ ಅಗತ್ಯ ಖಂಡಿತ ಇಲ್ಲ.

ಇನ್ನೊಂದು ಮಾತು. ಈ ದುಡ್ಡಿಗೆ ಒಂದು ಬೇರೆ ಪುಸ್ತಕ ಇಡಿ. ಖರ್ಚು, ಮಾರಾಟ, ಯಾರು ಎಷ್ಟು ಗಂಟೆ ಕೂತರು ಎನ್ನುವುದನ್ನು ಅಂದಂದೇ ಬರೆಯಿರಿ. ಬರೆಯಲು ಬಾರದವರು ಮಗಳ ಕೈಲಿ ಬರೆಸಿ. ಆದರೆ ಕವರ್ ಮಡಚಲು ಮಕ್ಕಳ ಶಾಲೆ ಬಿಡಿಸಬೇಡಿ. "ಒಂದು ದಿನ ತಾನೇ" ಎಂದು ಶುರುವಾದದ್ದು ಒಂದೇ ದಿನಕ್ಕೆ ನಿಲ್ಲುವುದಿಲ್ಲ.

ಸಂಘದ ಸಭೆಯಲ್ಲಿ ಚರ್ಚಿಸಿ

1. ನಮ್ಮ ಊರಿನಲ್ಲಿ ಪೇಪರ್ ಕವರ್ ಬಳಸಬಹುದಾದ, ತಿಂಡಿ ಮಾರದ ಅಂಗಡಿಗಳು ಎಷ್ಟಿವೆ? ಹೆಸರು ಪಟ್ಟಿ ಮಾಡಿ.
2. ನಮ್ಮ ಊರಿನಲ್ಲಿ ಒಂದು ದಿನದ ಕೂಲಿ ಎಷ್ಟು? ಕವರ್ ಕೆಲಸದಲ್ಲಿ ಗಂಟೆಗೆ ಸಿಗುವುದನ್ನು ಅದರ ಜೊತೆ ಹೋಲಿಸಿ ನೋಡಿ.
3. ತಿಂಡಿ ಅಂಗಡಿಯವರು ಜಾಸ್ತಿ ದುಡ್ಡು ಕೊಡುತ್ತೇವೆ ಎಂದರೆ ನಮ್ಮ ಸಂಘದ ಉತ್ತರ ಏನು? ಎಲ್ಲರೂ ಸೇರಿ ತೀರ್ಮಾನಿಸಿ, ನಿರ್ಣಯ ಪುಸ್ತಕದಲ್ಲಿ ಬರೆಯಿರಿ.

ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ಹತ್ತು ಚಿಕ್ಕ ಕವರ್, ಒಂದು ಕೈಚೀಲ ಮಾಡಿಕೊಂಡು ಬನ್ನಿ. ಎಷ್ಟು ಹೊತ್ತು ಹಿಡಿಯಿತು ಎಂದು ಚೀಟಿಯಲ್ಲಿ ಬರೆದು ಚೀಲದೊಳಗೆ ಹಾಕಿರಿ. ಎಲ್ಲರ ಚೀಲಕ್ಕೂ ಒಂದೇ ಕಿಲೋ ತೂಕ ಹಾಕಿ, ಎಲ್ಲರೆದುರೇ ಪರೀಕ್ಷೆ ಮಾಡೋಣ.