ಪದವಿಯಲ್ಲಿ ಸಮುದಾಯ ಮಾನಸಿಕ ಆರೋಗ್ಯ: ವಿದ್ಯಾರ್ಥಿಗಳಿಗೊಂದು ಪಾಠ



ಪಿಯುಸಿ ಮುಗಿದ ಕೂಡಲೇ ಮನೆಯಲ್ಲಿ ಕೇಳುವ ಪ್ರಶ್ನೆ ಒಂದೇ: ಡಾಕ್ಟರೋ, ಇಂಜಿನಿಯರೋ? ಇವೆರಡೂ ಅಲ್ಲದ, ಆದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂತಹ ತಾಲ್ಲೂಕುಗಳಿಗೆ ತುರ್ತಾಗಿ ಬೇಕಾದ ಒಂದು ವಿಷಯವನ್ನು ಈ ವರ್ಷ ಪರಿಚಯಿಸುತ್ತಿದ್ದೇವೆ.

ಏನಿದು?

ಮಾನಸಿಕ ಕಾಯಿಲೆ ಇರುವವರನ್ನು ದೂರದ ಆಸ್ಪತ್ರೆಗೆ ಕಳುಹಿಸಿ ಸುಮ್ಮನಾಗದೆ, ಅವರ ಊರಿನಲ್ಲೇ, ಮನೆಯವರ ನಡುವೆಯೇ ಚಿಕಿತ್ಸೆ ಮುಂದುವರಿಯುವಂತೆ ನೋಡಿಕೊಳ್ಳುವುದು ಸಮುದಾಯ ಮಾನಸಿಕ ಆರೋಗ್ಯ. ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ 1982ರಲ್ಲಿ ಆರಂಭವಾಯಿತು. ಬಳಿಕ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ನೀಡಿ, ಹಳ್ಳಿಯ ಹತ್ತಿರವೇ ಚಿಕಿತ್ಸೆ ಸಾಧ್ಯವೆಂದು ತೋರಿಸಿತು. ಆ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು.

ನಮ್ಮ ಜಿಲ್ಲೆಯ ಉದಾಹರಣೆ

ದಾವಣಗೆರೆ ಜಿಲ್ಲೆಯ ಹಳ್ಳಿಗಳಲ್ಲಿ 2016ರಿಂದ ಲಿವ್ ಲವ್ ಲಾಫ್ ಪ್ರತಿಷ್ಠಾನದ ನೆರವಿನಿಂದ ಅಂಗವಿಕಲರ ಸಂಸ್ಥೆ ಎಪಿಡಿ ಈ ಕೆಲಸ ನಡೆಸಿದೆ. ಇಂತಹ ಕೆಲಸದಲ್ಲಿ ಕಾರ್ಯಕರ್ತರು ಮನೆಗೆ ಹೋಗುತ್ತಾರೆ, ಆಶಾ ಕಾರ್ಯಕರ್ತೆಯರ ಜೊತೆ ಸೇರುತ್ತಾರೆ, ಮಾತ್ರೆ ನಿಲ್ಲದಂತೆ ನೋಡುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾನಸಿಕ ಅಸ್ವಸ್ಥತೆಯನ್ನೂ ಅಂಗವೈಕಲ್ಯವೆಂದು ಗುರುತಿಸಿದೆ. ಹಾಗಾಗಿ ಅರ್ಹರಿಗೆ ಯುಡಿಐಡಿ ಕಾರ್ಡ್ ಮಾಡಿಸಿಕೊಡುವುದೂ ಚಿಕಿತ್ಸೆಯಷ್ಟೇ ಮುಖ್ಯ.

ಅಭ್ಯಾಸ

ಒಬ್ಬ ತಾಯಿ ತಿಂಗಳಿಗೊಮ್ಮೆ ಮಗನನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಬೇಕು. ನಿಮ್ಮ ಊರಿನಿಂದ ಇಬ್ಬರ ಬಸ್ ಚಾರ್ಜ್ ಎಷ್ಟು? ತಪ್ಪುವ ಕೂಲಿ ಎಷ್ಟು? ಕೊನೆಯ ಬಸ್ ಎಷ್ಟಕ್ಕೆ? ಬರೆದು ಕೂಡಿಸಿ. ಮಾತ್ರೆ ಏಕೆ ನಿಂತುಹೋಗುತ್ತದೆ ಎಂಬುದಕ್ಕೆ ಒಂದು ಉತ್ತರ ಆ ಲೆಕ್ಕದಲ್ಲೇ ಸಿಗುತ್ತದೆ. ಇನ್ನೊಂದು ಉತ್ತರ ನಾಚಿಕೆ: ತಂಗಿಯ ಮದುವೆ ತಪ್ಪೀತೆಂದು ಅಣ್ಣನ ಕಾಯಿಲೆಯನ್ನು ಮುಚ್ಚಿಡುವ ಮನೆಗಳಿವೆ. ಮೂರನೆಯದು, ಸ್ವಲ್ಪ ಗುಣವಾದೊಡನೆ ಔಷಧ ಸಾಕೆಂಬ ತಪ್ಪು ತಿಳಿವಳಿಕೆ.

ದುಆ ಮತ್ತು ದವಾ

ಅನೇಕ ಕುಟುಂಬಗಳು ಮೊದಲು ಹೋಗುವುದು ದರ್ಗಾಕ್ಕೆ ಅಥವಾ ದೇವಸ್ಥಾನಕ್ಕೆ. ಅವರನ್ನು ಹೀಯಾಳಿಸಿದರೆ ಅವರು ಮತ್ತೆ ನಮ್ಮ ಬಳಿ ಬರುವುದಿಲ್ಲ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ಪ್ರಾರ್ಥನೆಗೆ ಬಂದವರಿಗೆ ಅಲ್ಲಿಯೇ ವೈದ್ಯರ ಚಿಕಿತ್ಸೆಯೂ ಸಿಗುವ ಏರ್ಪಾಡು ಮಾಡಲಾಯಿತು. ದುಆ ಇರಲಿ, ದವಾ ನಿಲ್ಲದಿರಲಿ. ಆದರೆ ಯಾರನ್ನೂ ಸರಪಳಿಯಲ್ಲಿ ಕಟ್ಟುವಂತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅದನ್ನು ನಿಷೇಧಿಸಿದೆ.

ಯಾವ ಪದವಿ?

ಬಿ.ಎ. ಮನಃಶಾಸ್ತ್ರ, ಬಿ.ಎಸ್.ಡಬ್ಲ್ಯೂ. ಮತ್ತು ಬಿ.ಎಸ್ಸಿ. ನರ್ಸಿಂಗ್ ಮೂರೂ ಒಳ್ಳೆಯ ಬಾಗಿಲುಗಳು. ಆದರೆ ಬಿ.ಎ. ಮುಗಿದ ಮಾತ್ರಕ್ಕೆ ಕಾಯಿಲೆ ನಿರ್ಣಯಿಸುವ, ಚಿಕಿತ್ಸೆ ನೀಡುವ ಅರ್ಹತೆ ಬರುವುದಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಮುಂದಿನ ತರಬೇತಿ ಮತ್ತು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಪೋಷಕರು ಇದನ್ನು ತಿಳಿದೇ ಮಕ್ಕಳನ್ನು ಸೇರಿಸಲಿ.

ಪದವಿಯ ವರ್ಷಗಳಲ್ಲಿ ಕಲಿಯಬೇಕಾದದ್ದು ಕೇಳಿಸಿಕೊಳ್ಳುವುದು, ಗುಟ್ಟು ಕಾಪಾಡುವುದು, ಸರಿಯಾದ ಕಡೆಗೆ ಕಳುಹಿಸುವುದು. ನೆರೆಮನೆಯವರಿಗೆ ಕಾಯಿಲೆಯ ಹೆಸರಿಡುವುದು ಕಲಿಕೆಯಲ್ಲ.

ನಿಮ್ಮಲ್ಲೇ ಯಾರಿಗಾದರೂ ಮನಸ್ಸು ಭಾರವಾಗಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೂ ಮಾತನಾಡಬಹುದು.

ಈ ವಿಷಯ ಆರಿಸಿಕೊಳ್ಳುವವರು ವಿದ್ಯಾರ್ಥಿವೇತನದ ಅರ್ಜಿಯೊಡನೆ ಮೇಲಿನ ಅಭ್ಯಾಸದ ಲೆಕ್ಕವನ್ನೂ ಬರೆದು ಕಳುಹಿಸಿ. ಅಂಕಪಟ್ಟಿಯಷ್ಟೇ ಗಮನವಿಟ್ಟು ಅದನ್ನೂ ಓದುತ್ತೇವೆ.