ಸೋತ ಕೈಗೆ ಮನೆಯೇ ಆಸರೆ

"ಅವರಿಗೆ ಲಕ್ವ ಹೊಡೀತು. ಇನ್ನೇನು, ಮುಗೀತು."

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಎಲ್ಲಿ ಹೋದರೂ ಈ ಮಾತು ಕೇಳುತ್ತೇವೆ. ಲಕ್ವ ಹೊಡೆದವರಿಗೆ ಮೂಲೆಯಲ್ಲಿ ಚಾಪೆ ಹಾಸುತ್ತೇವೆ. ಹೊತ್ತಿಗೆ ಊಟ ಕೊಡುತ್ತೇವೆ. ಅಲ್ಲಿಗೆ ನಮ್ಮ ಕೆಲಸ ಆಯಿತು ಅಂದುಕೊಳ್ಳುತ್ತೇವೆ. ಇದು ಸರಿಯಾ? ಬನ್ನಿ, ಓದಿ ನೋಡೋಣ.

ಲಕ್ವ ಎಂದರೇನು?

ಲಕ್ವಕ್ಕೆ ಪಾರ್ಶ್ವವಾಯು ಎಂದೂ ಹೆಸರು. ಡಾಕ್ಟರು ಸ್ಟ್ರೋಕ್ ಅನ್ನುತ್ತಾರೆ. ಇದು ಗಾಳಿ ಸೋಕಿ ಬರುವುದಲ್ಲ. ಯಾರೋ ಮಾಟ ಮಾಡಿ ಬರುವುದೂ ಅಲ್ಲ. ಮೆದುಳಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುತ್ತದೆ. ಇಲ್ಲವೇ ಒಡೆಯುತ್ತದೆ. ಆಗ ಮೆದುಳಿನ ಒಂದು ಭಾಗ ಕೆಡುತ್ತದೆ. ಎಡ ಮೆದುಳಿಗೆ ಪೆಟ್ಟಾದರೆ ಬಲಗೈ, ಬಲಗಾಲು ಸೋಲುತ್ತವೆ. ಎಷ್ಟೋ ಜನಕ್ಕೆ ಮಾತೂ ಹೋಗುತ್ತದೆ.

ಬಾಯಿ ಸೊಟ್ಟಗಾಯಿತಾ? ಒಂದು ಕೈ ಎತ್ತಲು ಆಗುತ್ತಿಲ್ಲವಾ? ಮಾತು ತೊದಲುತ್ತಿದೆಯಾ? ತಕ್ಷಣ 108ಕ್ಕೆ ಫೋನ್ ಮಾಡಿ. ರಕ್ತದ ಗಂಟು ಕರಗಿಸುವ ಇಂಜೆಕ್ಷನ್ ಇದೆ. ತಲೆಯ ಸ್ಕ್ಯಾನ್ ಮಾಡಿ, ನಾಲ್ಕೂವರೆ ಗಂಟೆಯ ಒಳಗೆ ಅದನ್ನು ಕೊಡಬೇಕು. ಪಾರಿವಾಳದ ರಕ್ತ ಹಚ್ಚುತ್ತಾ ಕೂತರೆ ಆ ಹೊತ್ತು ಕೈಜಾರಿ ಹೋಗುತ್ತದೆ.

2023ರ ಆಗಸ್ಟ್ ಕೊನೆಯಲ್ಲಿ ಮಾಜಿ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಅವರಿಗೂ ಲಕ್ವ ಬಂದಿತ್ತು. ರಾತ್ರಿಯೇ ಆಸ್ಪತ್ರೆ ಸೇರಿದರು. ಬೇಗ ಹೋದದ್ದರಿಂದ ಉಳಿದೆ, ಯಾರೂ ಅಸಡ್ಡೆ ಮಾಡಬೇಡಿ ಎಂದು ಆಮೇಲೆ ಅವರೇ ಪತ್ರಿಕೆಯವರಿಗೆ ಹೇಳಿದರು.

ಮನೆಗೆ ಬಂದ ಮೇಲೆ

ಆಸ್ಪತ್ರೆಯಲ್ಲಿ ಜೀವ ಉಳಿಯುತ್ತದೆ. ಆದರೆ ಕೈಕಾಲು ಮತ್ತೆ ಕಲಿಯುವುದು ಹೆಚ್ಚಾಗಿ ಮನೆಯಲ್ಲೇ. ಮೊದಲ ಮೂರು ತಿಂಗಳು ತುಂಬಾ ಮುಖ್ಯ. ಆಗ ಸುಧಾರಣೆ ಬೇಗ ಆಗುತ್ತದೆ. ಆಮೇಲೆ ನಿಧಾನ. ಆದರೂ ನಿಲ್ಲುವುದಿಲ್ಲ. ಎಲ್ಲರೂ ಪೂರ್ತಿ ಮೊದಲಿನಂತೆ ಆಗುವುದಿಲ್ಲ, ನಿಜ. ಆದರೆ ಸುಮ್ಮನೆ ಬಿಟ್ಟ ಕೈ ಮರಗಟ್ಟುತ್ತದೆ. ಆಡಿಸಿದ ಕೈಗೆ ದಾರಿ ಇದೆ.

ಶಿಡ್ಲಘಟ್ಟದ ಕಡೆ ಒಂದು ರೇಷ್ಮೆ ಮನೆ ಅಂದುಕೊಳ್ಳೋಣ. ಅತ್ತೆಗೆ ಲಕ್ವ ಹೊಡೆದು ಬಲಗೈ ಸೋತಿದೆ. ಹುಳು ನಾಲ್ಕನೇ ಜ್ವರದಿಂದ ಎದ್ದಿದೆ. ಹೊತ್ತು ಹೊತ್ತಿಗೆ ಸೊಪ್ಪು ಹಾಕಬೇಕು. ಅತ್ತೆಯನ್ನೂ ನೋಡಬೇಕು. ಅಡುಗೆಯೂ ಆಗಬೇಕು. ಎಲ್ಲವೂ ಸೊಸೆಯ ತಲೆ ಮೇಲೆ. ಹೀಗಾದರೆ ಎರಡು ತಿಂಗಳಲ್ಲಿ ಸೊಸೆಯೂ ಹಾಸಿಗೆ ಹಿಡಿಯುತ್ತಾಳೆ.

"ನನ್ನೊಬ್ಬಳ ಕೈಲಿ ಆಗಲ್ಲ ಮಾವ" ಎಂದು ಸೊಸೆ ಹೇಳಬೇಕು. ಹೇಳುವುದು ತಪ್ಪಲ್ಲ.

"ಹೌದಮ್ಮಾ, ಎಲ್ಲರೂ ಹಂಚಿಕೊಳ್ಳೋಣ" ಎಂದು ಮಾವ ಹೇಳಬೇಕು.

ಬೆಳಿಗ್ಗೆ ಮಗ ತಾಯಿಯ ಕೈಕಾಲು ಆಡಿಸಲಿ. ಸಂಜೆ ಮಾವ ನಡೆಸಲಿ. ಮಾತ್ರೆ ಚೀಟಿ ಓದಿ ಮಾತ್ರೆ ಕೊಡುವುದು ಮೊಮ್ಮಗಳ ಕೆಲಸ. ಸ್ನಾನ ಸೊಸೆಯದು. ಆಗ ಭಾರ ಹಗುರ.

ಮಾಡಬೇಕಾದ್ದು ಹೀಗೆ

ಕೈಕಾಲು: ದಿನಕ್ಕೆ ಎರಡು ಸಲ ಆಡಿಸಿ. ಒಂದೊಂದು ಕೀಲನ್ನೂ ಹತ್ತು ಸಲ, ಮೆಲ್ಲಗೆ. ಸೋತ ಕೈ ಹಿಡಿದು ಎಳೆದು ಎಬ್ಬಿಸಬೇಡಿ. ಭುಜದ ಕೀಲು ಜಾರುತ್ತದೆ.

ಮಲಗಿದಲ್ಲೇ ಇದ್ದರೆ: ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ.

ಊಟ: ನೆಟ್ಟಗೆ ಕೂರಿಸಿಯೇ ತಿನ್ನಿಸಿ. ನಮ್ಮ ಕಡೆ ಮುದ್ದೆಯನ್ನು ಅಗಿಯದೆ ನುಂಗುತ್ತೇವೆ. ನುಂಗುವ ಶಕ್ತಿ ಸೋತವರಿಗೆ ಅದು ಅಪಾಯ. ತೆಳು ನೀರೂ ನೆತ್ತಿಗೆ ಹತ್ತಬಹುದು. ಏನು ಕೊಡಬಹುದು ಎಂದು ಡಾಕ್ಟರನ್ನು ಕೇಳಿ. ಒಂದೊಂದೇ ಸಣ್ಣ ತುತ್ತು ಕೊಡಿ. ಉಂಡ ಮೇಲೆ ಅರ್ಧ ಗಂಟೆ ಮಲಗಿಸಬೇಡಿ.

ಬಟ್ಟೆ: ರವಿಕೆ ತೊಡಿಸುವಾಗ ಸೋತ ಕೈ ಮೊದಲು. ಬಿಚ್ಚುವಾಗ ಗಟ್ಟಿ ಕೈ ಮೊದಲು. ಅವರಿಗೆ ಆಗುವಷ್ಟು ಅವರೇ ಮಾಡಲಿ. ತಡವಾದರೂ ಕಾಯೋಣ.

ಮಾತು: "ನೀರು ಬೇಕಾ, ಬೇಡವಾ?" ಎಂದು ಒಂದೊಂದೇ ಕೇಳಿ. ಬಾಯಿ ಮಾತು ಹೋದರೂ ಬುದ್ಧಿ ಹೋಗಿರುವುದಿಲ್ಲ. ಅವರ ಎದುರಿಗೇ "ಇವರಿಗೇನು ತಿಳಿಯುತ್ತೆ" ಅನ್ನಬಾರದು. ಕಾರಣವಿಲ್ಲದೆ ಅತ್ತರೆ ಗದರಿಸಬೇಡಿ. ಅದೂ ರೋಗದ್ದೇ. ದಿನವೂ ಮಂಕಾಗಿದ್ದರೆ ಡಾಕ್ಟರಿಗೆ ಹೇಳಿ. ಅದಕ್ಕೂ ಔಷಧಿ ಇದೆ.

ಮಾತ್ರೆ: ಬಿ.ಪಿ., ಸಕ್ಕರೆ ಕಾಯಿಲೆ ಮಾತ್ರೆ ನಿಲ್ಲಿಸಬೇಡಿ. ನಿಲ್ಲಿಸಿದರೆ ಲಕ್ವ ಮತ್ತೆ ಬರಬಹುದು. ಬೀಡಿ, ಹೊಗೆಸೊಪ್ಪು ಬೇಡ. ಉಪ್ಪು, ಉಪ್ಪಿನಕಾಯಿ ಕಡಿಮೆ ಇರಲಿ.

ನಮ್ಮ ಊರಿನ ಕೆಲಸವೇ ವ್ಯಾಯಾಮ

ಬೆರಳು ಸ್ವಲ್ಪ ಆಡತೊಡಗಿತು ಅನ್ನಿ. ಆಗ ಹಗುರ ಕೆಲಸ ಕೊಡೋಣ. ಶಿಡ್ಲಘಟ್ಟದಲ್ಲಿ ಚಂದ್ರಿಕೆಯಿಂದ ಗೂಡು ಬಿಡಿಸಲಿ. ಚಿಂತಾಮಣಿಯಲ್ಲಿ ಕಡಲೆಕಾಯಿ ಸುಲಿಯಲಿ. ಗೌರಿಬಿದನೂರಿನಲ್ಲಿ ಮುಸುಕಿನ ಜೋಳ ಬಿಡಿಸಲಿ. ಚಿಕ್ಕಬಳ್ಳಾಪುರದಲ್ಲಿ ಸೇವಂತಿಗೆ ಹೂ ಜೋಡಿಸಲಿ. ಹತ್ತೇ ಆಗಲಿ, ಐದೇ ಆಗಲಿ. "ನಾನೂ ಈ ಮನೆಗೆ ಬೇಕಾದವಳು" ಅನ್ನಿಸುತ್ತದೆ. ಆ ಧೈರ್ಯ ದೊಡ್ಡದು.

ಅಕ್ಷರ ಕಲಿತದ್ದು ಇಲ್ಲಿ ನಮಗೆ ಉಪಯೋಗ. ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯೋಣ:

1ನೇ ವಾರ: ಹಿಡಿದುಕೊಂಡರೆ ಕೂತರು.
6ನೇ ವಾರ: ಗೋಡೆ ಹಿಡಿದು ನಿಂತರು.
3ನೇ ತಿಂಗಳು: ಲೋಟ ಹಿಡಿದರು. ನೀರು ಚೆಲ್ಲಿತು.
5ನೇ ತಿಂಗಳು: ಹತ್ತು ಗೂಡು ಬಿಡಿಸಿದರು.

ಒಬ್ಬೊಬ್ಬರದು ಒಂದೊಂದು ಥರ. ದಿನಾ ನೋಡುವ ಕಣ್ಣಿಗೆ ಸುಧಾರಣೆ ಕಾಣುವುದಿಲ್ಲ. ಬರೆದಿಟ್ಟರೆ ಕಾಣುತ್ತದೆ. ಡಾಕ್ಟರಿಗೂ ತೋರಿಸಬಹುದು.

ಯಾರನ್ನು ಕೇಳಬೇಕು?

2022ರಲ್ಲಿ ಸರ್ಕಾರ ಮತ್ತು ಬೆಂಗಳೂರಿನ ನಿಮ್ಹಾನ್ಸ್ ಸೇರಿ ಮೆದುಳಿನ ಆರೋಗ್ಯದ ಯೋಜನೆ ಶುರು ಮಾಡಿದವು. ಮೊದಲು ಆರಿಸಿದ ಜಾಗಗಳಲ್ಲಿ ನಮ್ಮ ಚಿಕ್ಕಬಳ್ಳಾಪುರವೂ ಒಂದು. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಕೈಕಾಲು ಆಡಿಸುವುದನ್ನು ಫಿಸಿಯೋಥೆರಪಿ ಅನ್ನುತ್ತಾರೆ. ಅದನ್ನು ತಿಳಿದವರಿಂದ ಕಣ್ಣಾರೆ ನೋಡಿ ಕಲಿಯಿರಿ. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಅಂಗವಿಕಲರ ಗುರುತಿನ ಚೀಟಿ ಬೇಕಿದ್ದರೆ ಗ್ರಾಮ ಪಂಚಾಯಿತಿಯಲ್ಲಿ ಕೇಳಿ.

ಮಾತಾಡೋಣ

1. ಲಕ್ವದ ಮೂರು ಗುರುತು ಯಾವುವು?
2. ಸೋತ ಕೈಯನ್ನು ಏಕೆ ಎಳೆಯಬಾರದು?
3. ನಿಮ್ಮ ಬೀದಿಯಲ್ಲಿ ಲಕ್ವ ಹೊಡೆದವರು ಇದ್ದಾರಾ? ಅವರನ್ನು ನೋಡಿಕೊಳ್ಳುವವರು ಯಾರು? ಆ ಅಕ್ಕನಿಗೆ ನಾವು ಯಾವ ಕೆಲಸದಲ್ಲಿ ಕೈ ಜೋಡಿಸಬಹುದು? ಒಂದು ಸಾಲು ಬರೆಯಿರಿ.